ಸರ್ಕಾರ, ಕಂಪನಿ, ರೈತ ಸಂಸ್ಥೆ ಒಂದೇ ಕರಾರಿನಲ್ಲಿ: ಬೆಂಗಳೂರು ಸುತ್ತಲಿನ ಎಫ್‌ಪಿಒಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೊದಲು ಕೊಳ್ಳುವವರು, ಆಮೇಲೆ ಬೆಳೆ, ಕೊನೆಗೆ ಸಬ್ಸಿಡಿ. ಸರ್ಕಾರ, ಖಾಸಗಿ ಕಂಪನಿ ಮತ್ತು ರೈತರು ಸೇರಿ ನಡೆಸುವ ಪಾಲುದಾರಿಕೆಯಲ್ಲಿ ಕೆಲಸ ಈ ಕ್ರಮದಲ್ಲೇ ಸಾಗಬೇಕು. ನಮ್ಮಲ್ಲಿ ಬಹಳ ಕಡೆ ಇದು ತಲೆಕೆಳಗಾಗಿ ನಡೆಯುತ್ತದೆ. ಯಾವ ಯೋಜನೆಯಲ್ಲಿ ಎಷ್ಟು ದುಡ್ಡು ಬರುತ್ತದೆ ಅಂತ ನೋಡಿ ಪ್ಯಾಕ್‌ಹೌಸ್, ಅಂದರೆ ಮಾಲು ವಿಂಗಡಿಸಿ ಪ್ಯಾಕ್ ಮಾಡುವ ಕಟ್ಟಡ ಕಟ್ಟಿಬಿಡುತ್ತಾರೆ. ಮಾಲು ಯಾರಿಗೆ ಕೊಡೋದು ಅನ್ನುವ ಪ್ರಶ್ನೆ ಆಮೇಲೆ ಬರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ಚಿಕ್ಕಬಳ್ಳಾಪುರ, ಮಾಲೂರು, ಕೋಲಾರ ಕಡೆಯ ರೈತ ಉತ್ಪಾದಕ ಸಂಸ್ಥೆಗಳ, ಅಂದರೆ ಎಫ್‌ಪಿಒಗಳ ನಿರ್ದೇಶಕರು ಮತ್ತು ಸಿಇಒಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನ ಹತ್ತಿರ ಇರುವುದು ನಿಮಗೆ ದೊಡ್ಡ ಅನುಕೂಲ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಇಲ್ಲಿದೆ, ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ, ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಅಪೆಡಾದ ಪ್ರಾದೇಶಿಕ ಕಚೇರಿ ಇದೆ, ಕಾಫಿ ಮಂಡಳಿಯ ಕೇಂದ್ರ ಕಚೇರಿ ಇದೆ. ಹೂವು, ತರಕಾರಿ ವಿದೇಶಕ್ಕೆ ಹಾರುವ ವಿಮಾನ ನಿಲ್ದಾಣ ಇದೆ. 2008ರಲ್ಲಿ ಶುರುವಾದ ಆ ನಿಲ್ದಾಣವೂ ಸರ್ಕಾರ ಮತ್ತು ಖಾಸಗಿ ಸೇರಿ ಕಟ್ಟಿದ್ದೇ.

ಕೃಷಿಯಲ್ಲೂ ಇಂಥ ಜೋಡಿ ಹೊಸದಲ್ಲ. 2014ರಲ್ಲಿ ಕರ್ನಾಟಕ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಎಂಬ ಸರಕು ವಿನಿಮಯ ಕಂಪನಿ ಅರ್ಧಕ್ಕರ್ಧ ಪಾಲು ಹಾಕಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿ ಮಾಡಿದವು. ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ಜಾಲಕ್ಕೆ ತರುವುದು ಅದರ ಕೆಲಸ. 2016ರ ಏಪ್ರಿಲ್‌ನಲ್ಲಿ ಕೇಂದ್ರ ಶುರು ಮಾಡಿದ ದೇಶವ್ಯಾಪಿ ಆನ್‌ಲೈನ್ ಮಂಡಿ ಇ-ನಾಮ್‌ಗೂ ನಮ್ಮ ರಾಜ್ಯದ ಈ ಅನುಭವ ದಾರಿ ತೋರಿಸಿತು.

ಹೆಜ್ಜೆ 1: ಯಾರ ಕೆಲಸ ಏನು ಅಂತ ಒಂದು ಹಾಳೆಯಲ್ಲಿ ಬರೆಯಿರಿ

ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಸಹಿ ಹಾಕುವವರು ಇಬ್ಬರೇ: ಇಲಾಖೆ ಮತ್ತು ಕಂಪನಿ. ರೈತರ ಹೆಸರು ಕೊನೆಗೆ ಲಗತ್ತಿಸಿದ ಪಟ್ಟಿಯಲ್ಲಿ ಇರುತ್ತದೆ. ಇದನ್ನು ಒಪ್ಪಬೇಡಿ. ಎಫ್‌ಪಿಒ ಮೂರನೇ ಪಕ್ಷವಾಗಿ ಸಹಿ ಹಾಕಬೇಕು. ಹಾಳೆಯಲ್ಲಿ ಮೂರು ಕಾಲಂ ಮಾಡಿ. ತರಬೇತಿ ಯಾರು ಕೊಡುತ್ತಾರೆ? ಲ್ಯಾಬ್ ಪರೀಕ್ಷೆಯ ಖರ್ಚು ಯಾರದು? ಗಾಡಿ ಬಾಡಿಗೆ ಯಾರದು? ಮಾಲು ಕೆಟ್ಟರೆ ನಷ್ಟ ಯಾರದು? ಮಳೆ ಹೊಡೆದರೆ? ಪ್ರತಿ ಸಾಲಿಗೂ ಒಬ್ಬರ ಹೆಸರು ಬರಲೇಬೇಕು. "ಎಲ್ಲರೂ ಸೇರಿ ನೋಡಿಕೊಳ್ಳುತ್ತಾರೆ" ಅಂತ ಬರೆದ ಸಾಲಿನ ಖರ್ಚು ಕೊನೆಗೆ ರೈತನ ತಲೆ ಮೇಲೇ ಬರುತ್ತದೆ.

ಹೆಜ್ಜೆ 2: ನಿಮ್ಮ ಸಂಸ್ಥೆಯ ಲೆಕ್ಕ ಮೊದಲು ಸರಿ ಮಾಡಿ

ಉತ್ಪಾದಕರ ಕಂಪನಿ ನೋಂದಾಯಿಸಲು ಕಾನೂನಿನ ಪ್ರಕಾರ 10 ಮಂದಿ ರೈತರು ಸಾಕು. ಆದರೆ 2020ರ ಫೆಬ್ರವರಿಯಲ್ಲಿ ಶುರುವಾದ ಕೇಂದ್ರದ 10,000 ಎಫ್‌ಪಿಒ ಯೋಜನೆಯ ಲಾಭ ಸಿಗಬೇಕಾದರೆ ನಮ್ಮಂಥ ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರು ಬೇಕು.

ಸದಸ್ಯರ ಸಂಖ್ಯೆಗಿಂತ ಮುಖ್ಯವಾದದ್ದು ಪುಸ್ತಕ. ಪ್ರತಿ ಸದಸ್ಯರ ಪಹಣಿ, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಎಷ್ಟು ಗುಂಟೆಯಲ್ಲಿ ಯಾವ ಬೆಳೆ, ಬೋರ್‌ವೆಲ್‌ನಲ್ಲಿ ನೀರು ಎಷ್ಟು ತಿಂಗಳು ಬರುತ್ತದೆ ಎಂಬುದು ಒಂದು ಕಡೆ ಸಿಗಬೇಕು. ಆಡಿಟ್ ಆಗಿರಬೇಕು, ರಿಟರ್ನ್ಸ್ ಸಲ್ಲಿಕೆಯಾಗಿರಬೇಕು. ಕಂಪನಿಯವರು ಮೊದಲ ಭೇಟಿಯಲ್ಲೇ ಕೇಳುವುದು ಇದನ್ನೇ. ಜೊತೆಗೆ ಸಂಸ್ಥೆಗೆ ತನ್ನದೇ ತೂಕದ ಯಂತ್ರ ಇರಲಿ. ಕಂಪನಿಯ ತಕ್ಕಡಿಯನ್ನೇ ನಂಬಿ ಕೂತರೆ ಚೌಕಾಸಿ ಮಾಡಲು ಬಾಯೇ ಬರುವುದಿಲ್ಲ.

ಹೆಜ್ಜೆ 3: ಕೊಳ್ಳುವವರನ್ನು ನೋಡಿಕೊಂಡು ಬೆಳೆ ಆರಿಸಿ

ಇಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕಂಪನಿ ನಾಳೆ ಕೈ ಎತ್ತಿದರೆ ಈ ಮಾಲು ಎಲ್ಲಿ ಹೋಗುತ್ತದೆ?

ರಾಗಿಗೆ ಉತ್ತರ ಸುಲಭ. ಯಾರೂ ಕೊಳ್ಳದಿದ್ದರೂ ಮನೆಗಾಗುತ್ತದೆ, ಊರಲ್ಲೇ ಮಾರಬಹುದು. ಟೊಮೆಟೊಗೆ ಕೋಲಾರದ ಮಂಡಿ ಇದೆ, ಬೆಲೆ ಏನೇ ಆಗಲಿ. ಮಿಡಿಸೌತೆಗೆ (ಗರ್ಕಿನ್) ಮಾತ್ರ ಊರಲ್ಲಿ ಗಿರಾಕಿಯೇ ಇಲ್ಲ. ಅದು ವಿನೆಗರ್‌ನಲ್ಲೋ ಉಪ್ಪು ನೀರಿನಲ್ಲೋ ಮುಳುಗಿ ಡ್ರಮ್ಮಿನಲ್ಲಿ, ಜಾಡಿಯಲ್ಲಿ ವಿದೇಶಕ್ಕೆ ಹೋಗುವ ಕಾಯಿ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲೇ ಇದರ ಬೇಸಾಯ ಸಣ್ಣದಾಗಿ ಶುರುವಾಯಿತು. ಇವತ್ತು ಭಾರತ ಇದರ ರಫ್ತಿನಲ್ಲಿ ಜಗತ್ತಿನಲ್ಲೇ ಮುಂದಿದೆ. ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಸುಮಾರು 90,000 ಸಣ್ಣ ರೈತರು 65,000 ಎಕರೆಯಲ್ಲಿ ಕರಾರಿನ ಮೇಲೆ ಇದನ್ನು ಬೆಳೆಯುತ್ತಾರೆ. 90 ದಿನದ ಬೆಳೆ, ಎಕರೆಗೆ ಸರಾಸರಿ 4 ಟನ್ ಇಳುವರಿ, 80,000 ರೂಪಾಯಿ ಆದಾಯ, ಖರ್ಚು ಕಳೆದು 40,000 ಉಳಿತಾಯ ಎಂದು ಅದೇ ಲೆಕ್ಕ ಹೇಳುತ್ತದೆ. ಚೆನ್ನಾಗಿರುವ ಸಂಖ್ಯೆಯೇ. ಆದರೆ ಕೊಳ್ಳುವವರು ಒಬ್ಬರೇ ಆದಾಗ ಕರಾರು ಎರಡು ಪಟ್ಟು ಬಿಗಿಯಾಗಿರಬೇಕು.

ಗುಲಾಬಿ ಈರುಳ್ಳಿಯದ್ದೂ ಹೆಚ್ಚುಕಮ್ಮಿ ಇದೇ ಕಥೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಈ ಸಣ್ಣ ಖಾರದ ಈರುಳ್ಳಿಗೆ 2015ರಲ್ಲಿ ಭೌಗೋಳಿಕ ಗುರುತು, ಅಂದರೆ ಈ ಸೀಮೆಯದ್ದೇ ಎಂಬ ಜಿಐ ಮಾನ್ಯತೆ ಸಿಕ್ಕಿದೆ. ಮಲೇಷ್ಯಾ, ಸಿಂಗಾಪುರ ಕಡೆ ಬೇಡಿಕೆ ಇದೆ. ನಮ್ಮ ಮನೆಗಳಲ್ಲಿ ಬಳಕೆ ತೀರಾ ಕಮ್ಮಿ. ಇಂಥ ಬೆಳೆಯನ್ನು ಬಿಡಿ ಅಂತ ಹೇಳುತ್ತಿಲ್ಲ. ಸದಸ್ಯರ ಜಮೀನಿನಲ್ಲಿ ಅದಕ್ಕೆ ಒಂದು ಮಿತಿ ಹಾಕಿಕೊಳ್ಳಿ. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಉಳಿದದ್ದರಲ್ಲಿ ರಾಗಿ, ಅವರೆ, ತೊಗರಿ ಇರಲಿ. ಬೆಳೆ ಬದಲಾದರೆ ಮಣ್ಣಿಗೂ ಒಳ್ಳೆಯದು, ಮನೆಗೂ ಧೈರ್ಯ.

ಹೆಜ್ಜೆ 4: ಕರಾರು. ಇಲ್ಲಿ ಅವಸರ ಬೇಡ

ಕರಾರು ಬೇಸಾಯಕ್ಕಾಗಿ ಕೇಂದ್ರ 2020ರಲ್ಲಿ ತಂದಿದ್ದ ಕಾಯ್ದೆ 2021ರಲ್ಲಿ ವಾಪಸಾಯಿತು. ಹಾಗಾಗಿ ನಿಮ್ಮನ್ನು ಕಾಪಾಡುವುದು ಮುಖ್ಯವಾಗಿ ನೀವು ಬರೆದುಕೊಂಡ ಕರಾರಿನ ಮಾತುಗಳೇ. ಕರಾರು ಕನ್ನಡದಲ್ಲಿ ಇರಲಿ. ಸದಸ್ಯರ ಸಭೆಯಲ್ಲಿ ಜೋರಾಗಿ ಓದಿಸಿ. ಯಾವ ಸಾಲಿನಲ್ಲಿ ಜನ ಗೊಣಗುತ್ತಾರೋ ಅದನ್ನು ತಿದ್ದಿಸಿ.

ಮೊದಲು ಬೆಲೆ. ಒಂದೇ ನಿಗದಿ ಬೆಲೆ ಬರೆದರೆ ಎರಡು ಕಡೆಯೂ ಕಷ್ಟ. ಮಂಡಿ ಬಿದ್ದರೆ ಕಂಪನಿ ತಪ್ಪಿಸಿಕೊಳ್ಳುತ್ತದೆ, ಮಂಡಿ ಏರಿದರೆ ನಮ್ಮ ರೈತರೇ ರಾತ್ರೋರಾತ್ರಿ ಹೊರಗೆ ಮಾರುತ್ತಾರೆ. ಅದರ ಬದಲು ತಳ ಬೆಲೆ ಒಂದು, ಮೇಲಿನದ್ದರಲ್ಲಿ ಪಾಲು ಒಂದು ಇಟ್ಟುಕೊಳ್ಳಿ. ಉದಾಹರಣೆಗೆ ಈರುಳ್ಳಿಗೆ ತಳ ಬೆಲೆ ಕಿಲೋಗೆ 14 ರೂಪಾಯಿ ಅಂದುಕೊಳ್ಳಿ. ಮಂಡಿ 10ಕ್ಕೆ ಇಳಿದರೂ ರೈತನಿಗೆ 14 ಸಿಗುತ್ತದೆ. ಮಂಡಿ 22ಕ್ಕೆ ಏರಿದರೆ ಮೇಲಿನ 8 ರೂಪಾಯಿಯಲ್ಲಿ ನಾಲ್ಕನೇ ಮೂರು ಪಾಲು, ಅಂದರೆ 6 ರೂಪಾಯಿ ರೈತನಿಗೆ. ಒಟ್ಟು 20. ಮಂಡಿಗೆ ಹೋಗುವ ಗಾಡಿ ಬಾಡಿಗೆ, ಹಮಾಲಿ, ಕಾಯುವ ಹೊತ್ತು ಲೆಕ್ಕ ಹಾಕಿದರೆ ಉಳಿದ 2 ರೂಪಾಯಿಗೆ ಯಾರೂ ಹೊರಗೆ ಮಾರಲು ಹೋಗುವುದಿಲ್ಲ. ಮಂಡಿ ಬೆಲೆ ಅಂದರೆ ಯಾವ ಮಂಡಿ, ಯಾವ ದಿನದ್ದು ಅನ್ನುವುದೂ ಕರಾರಿನಲ್ಲಿ ಇರಬೇಕು. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನದ ದರ ಎಲ್ಲರಿಗೂ ಕಾಣುತ್ತದೆ. ಅದರ ಮೂರು ದಿನದ ಸರಾಸರಿ ಅಂತ ಬರೆದರೆ ಜಗಳಕ್ಕೆ ಜಾಗವಿರುವುದಿಲ್ಲ.

ಎರಡನೆಯದು ಗ್ರೇಡಿಂಗ್. ದುಡ್ಡು ಸೋರುವುದು ಹೆಚ್ಚಾಗಿ ಇಲ್ಲೇ. ಮಿಡಿಸೌತೆಯನ್ನು ಕಿಲೋಗೆ ಎಷ್ಟು ಕಾಯಿ ಬರುತ್ತದೆ ಅನ್ನುವುದರ ಮೇಲೆ ಗ್ರೇಡ್ ಮಾಡುತ್ತಾರೆ. ಕಾಯಿ ಚಿಕ್ಕದಿದ್ದಷ್ಟೂ ಬೆಲೆ ಜಾಸ್ತಿ. ಇವತ್ತು ಬೆರಳಿನಷ್ಟಿದ್ದ ಕಾಯಿ ಬಳ್ಳಿಯಲ್ಲೇ ಒಂದು ದಿನ ಉಳಿದರೆ ಮುಂದಿನ ಗ್ರೇಡಿಗೆ ಜಾರುತ್ತದೆ. ಹಾಗಾಗಿ ದಿನಾ ಬಿಡಿಸಲೇಬೇಕು. ಗಾಡಿ ಒಂದು ದಿನ ಬರದಿದ್ದರೆ, ಬಿಡಿಸಿದ ಕಾಯಿ ಬಾಡುತ್ತದೆ, ಬಿಡಿಸದ ಕಾಯಿ ದಪ್ಪವಾಗುತ್ತದೆ. ಎರಡೂ ನಷ್ಟ ರೈತನದ್ದು. ಈ ಕೆಳಗಿನ ಮಾತುಗಳು ಕರಾರಿನಲ್ಲಿ ಇರಲೇಬೇಕು:

- ಗ್ರೇಡಿಂಗ್ ಊರಿನ ಸಂಗ್ರಹ ಕೇಂದ್ರದಲ್ಲೇ, ರೈತ ಅಥವಾ ಎಫ್‌ಪಿಒ ಪ್ರತಿನಿಧಿಯ ಎದುರಲ್ಲೇ ಆಗಬೇಕು.
- ತೂಕದ ಚೀಟಿ ಎರಡು ಪ್ರತಿ, ಅದರಲ್ಲಿ ಗ್ರೇಡ್‌ವಾರು ಕಿಲೋ.
- ತಿರಸ್ಕರಿಸಿದ ಮಾಲು ಅದೇ ದಿನ ವಾಪಸ್. ಫ್ಯಾಕ್ಟರಿಗೆ ಹೋದ ಮೇಲೆ ಇಂತಿಷ್ಟು ರಿಜೆಕ್ಟ್ ಆಯಿತು ಅನ್ನುವ ಫೋನ್ ಮಾತಿಗೆ ಬೆಲೆ ಇಲ್ಲ.
- ಹೇಳಿದ ಹೊತ್ತಿಗೆ ಗಾಡಿ ಬರದಿದ್ದರೆ ಹಿಂದಿನ ದಿನದ ಗ್ರೇಡ್ ಸರಾಸರಿಯಲ್ಲೇ ಹಣ.

ಮೂರನೆಯದು, ಕಂಪನಿ ಸಾಲವಾಗಿ ಕೊಡುವ ಬೀಜ, ಗೊಬ್ಬರ, ಔಷಧಿಯ ಬೆಲೆಪಟ್ಟಿ. ಇವುಗಳ ದುಡ್ಡನ್ನು ಕೊನೆಯಲ್ಲಿ ಮುರಿದುಕೊಳ್ಳುತ್ತಾರೆ. ಬೆಲೆ ಎಷ್ಟು ಅಂತ ಮೊದಲೇ ಬರೆದಿರಬೇಕು, ಹೊರಗಿನ ಅಂಗಡಿಯ ದರಕ್ಕಿಂತ ಜಾಸ್ತಿ ಇರಬಾರದು. ಹಣ ಎಷ್ಟು ದಿನದಲ್ಲಿ ಖಾತೆಗೆ ಬರುತ್ತದೆ, ತಡವಾದರೆ ಬಡ್ಡಿ ಎಷ್ಟು ಅನ್ನುವುದೂ ಸೇರಲಿ. ಜಮೀನಿನ ಮೇಲೆ ಕಂಪನಿಗೆ ಯಾವ ಹಕ್ಕೂ ಇಲ್ಲ ಅನ್ನುವ ಒಂದು ಸಾಲನ್ನು ತಪ್ಪದೆ ಬರೆಸಿ. ಕೇಂದ್ರದ 2018ರ ಮಾದರಿ ಕಾಯ್ದೆಯಲ್ಲೂ ಈ ತತ್ವ ಇತ್ತು.

ನಾಲ್ಕನೆಯದನ್ನು ಬಹುತೇಕ ಯಾರೂ ಬರೆಯುವುದಿಲ್ಲ. ಸರ್ಕಾರವೇ ರಫ್ತು ನಿಲ್ಲಿಸಿದರೆ ಏನು? ಗುಲಾಬಿ ಈರುಳ್ಳಿ ಬೆಳೆದವರಿಗೆ ಇದು ಬರೀ ಊಹೆಯಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಈರುಳ್ಳಿ ರಫ್ತು ನಿಂತಿತು. ಅಕ್ಟೋಬರ್‌ನಲ್ಲಿ ಗುಲಾಬಿ ಈರುಳ್ಳಿಗೆ 10,000 ಟನ್ ಮಾತ್ರ, ಅದೂ ಚೆನ್ನೈ ಬಂದರಿನಿಂದ ಮಾತ್ರ ಬಿಟ್ಟರು. 2023ರ ಆಗಸ್ಟ್‌ನಲ್ಲಿ ಈರುಳ್ಳಿಗೆ ಶೇ 40 ರಫ್ತು ಸುಂಕ ಬಂತು, ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ. 2024ರ ಮೇ ತಿಂಗಳಲ್ಲಿ, ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಇದ್ದರೆ ಗುಲಾಬಿ ಈರುಳ್ಳಿಗೆ ಸುಂಕ ಇಲ್ಲ ಎಂದಾಯಿತು. ಊರಿನ ಅಡುಗೆಮನೆ ಬಳಸದ ಈರುಳ್ಳಿಗೂ ಊರಿನ ಈರುಳ್ಳಿಯ ನಿಯಮ ಹಾಕಿದರೆ ರೈತನ ಗತಿ ಏನು, ಅಲ್ವಾ? ಹಾಗಾಗಿ ಕರಾರಿನಲ್ಲಿ ಹೀಗೆ ಬರೆಸಿ: ರಫ್ತು ನಿಂತರೆ ಕಂಪನಿ ತಳ ಬೆಲೆಯ ಇಷ್ಟು ಪಾಲು ಕೊಟ್ಟು ಮಾಲು ಎತ್ತಬೇಕು, ಅಥವಾ ಇಷ್ಟು ದಿನದೊಳಗೆ ರೈತನನ್ನು ಕರಾರಿನಿಂದ ಬಿಡಬೇಕು ಮತ್ತು ಕೊಟ್ಟ ಬೀಜ, ಗೊಬ್ಬರದ ಸಾಲವನ್ನು ಮುಂದಿನ ಬೆಳೆಗೆ ಬಡ್ಡಿ ಇಲ್ಲದೆ ಮುಂದೂಡಬೇಕು. ಇಲಾಖೆಯೂ ಪಾಲುದಾರ ಅಂದ ಮೇಲೆ, ವಿನಾಯಿತಿಗಾಗಿ ದೆಹಲಿಗೆ ಪತ್ರ ಬರೆಯುವ ಹೊಣೆ ಅದಕ್ಕೆ ಸೇರಲಿ.

ತಕರಾರು ಬಂದರೆ ಮೊದಲು ಜಿಲ್ಲೆಯ ತೋಟಗಾರಿಕೆ ಅಥವಾ ಕೃಷಿ ಅಧಿಕಾರಿಯ ಮುಂದೆ ಮಾತುಕತೆ. ಕೋರ್ಟಿಗೆ ಹೋಗಲೇಬೇಕಾದರೆ ಅದು ನಿಮ್ಮ ಜಿಲ್ಲೆಯದ್ದಾಗಿರಲಿ, ಮುಂಬೈಯದ್ದಲ್ಲ.

ಹೆಜ್ಜೆ 5: ಔಷಧಿ ಪುಸ್ತಕ ಮತ್ತು ನೀರು

ಸುಸ್ಥಿರ ಬೇಸಾಯ ಅನ್ನುವ ಮಾತು ಹೊಲದಲ್ಲಿ ನಿಜವಾಗುವುದು ಒಂದು ನೋಟ್‌ಬುಕ್ಕಿನಿಂದ. ಯಾವ ದಿನ, ಯಾವ ತಾಕು, ಯಾವ ಔಷಧಿ, ಎಷ್ಟು ಮಿಲಿ, ಯಾಕೆ, ಯಾರು ಹೊಡೆದರು. ಅದರ ಪಕ್ಕದಲ್ಲಿ ಮುಂದಿನ ಕೊಯ್ಲು ಯಾವಾಗ ಅನ್ನುವುದು. ಯುರೋಪಿನಲ್ಲಿ ಪ್ರತ್ಯೇಕ ಮಿತಿ ಗೊತ್ತು ಮಾಡದ ಕೀಟನಾಶಕಕ್ಕೆ ಸಾಮಾನ್ಯವಾಗಿ ಕಿಲೋಗೆ 0.01 ಮಿಲಿಗ್ರಾಂ ಮಾತ್ರ ಒಪ್ಪಿಗೆ. ಪಕ್ಕದ ತೋಟದಿಂದ ಗಾಳಿಗೆ ಬಂದದ್ದೂ ಅಷ್ಟಾಗಬಹುದು.

2010ರಲ್ಲಿ ಭಾರತದ ದ್ರಾಕ್ಷಿಗೆ ಆದದ್ದನ್ನು ನೆನಪಿಡಿ. ಪರೀಕ್ಷೆ ಮಾಡಿಸಿ ಕಳಿಸಿದ ಹಣ್ಣೇ ಯುರೋಪಿನಲ್ಲಿ ತಿರಸ್ಕಾರವಾಯಿತು. ಕಾರಣ ಕ್ಲೋರ್ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕ. ನಮ್ಮ ಪರೀಕ್ಷಾ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಆದ್ದರಿಂದ ಕಂಪನಿಯಿಂದ, ಅವರು ಕಳಿಸುವ ದೇಶದ ಪೂರ್ತಿ ಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಮಿಡಿಸೌತೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ದಿನಾ ಬಿಡಿಸುವ ಬೆಳೆಗೆ ಹೊಡೆದ ಮೇಲೆ ಏಳು ದಿನ ಕಾಯಬೇಕಾದ ಔಷಧಿ ಹಾಕಿದರೆ ಏಳು ದಿನದ ಕಾಯಿ ಹೋಯಿತು ಅಂತಲೇ ಅರ್ಥ. ಯಾರೂ ಅಷ್ಟು ಕಾಯುವುದಿಲ್ಲ, ಸುಮ್ನೆ ಬಿಡಿಸಿ ಕಳಿಸುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ. ಹಾಗಾಗಿ ಕಾಯಿ ಶುರುವಾದ ಮೇಲೆ ಬಳಸಬಹುದಾದದ್ದನ್ನು ಬೇರೆ ಪಟ್ಟಿ ಮಾಡಿ. ಹೆಸರಘಟ್ಟದ ಸಂಸ್ಥೆ ಅಭಿವೃದ್ಧಿ ಮಾಡಿರುವ ಬೇವಿನ ಸೋಪು, ಹೊಂಗೆ ಸೋಪು, ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಎಂಬ ಸೂಕ್ಷ್ಮಜೀವಿ ಗೊಬ್ಬರ ಇವೆ. ಹಣ್ಣುನೊಣಕ್ಕೆ ವಾಸನೆಯಿಂದ ಸೆಳೆಯುವ ಕ್ಯೂ ಲ್ಯೂರ್ ಬಲೆ, ರಸ ಹೀರುವ ಹುಳಕ್ಕೆ ಹಳದಿ ಅಂಟು ಹಾಳೆ ಇವೆ. ಬಿತ್ತನೆಗೆ ಮುಂಚೆಯೇ ಇವುಗಳನ್ನು ಸಂಸ್ಥೆಯ ಮಳಿಗೆಯಲ್ಲಿ ತಂದಿಡಿ. ರೋಗ ಬಂದ ದಿನ ರೈತ ಹತ್ತಿರದ ಅಂಗಡಿಗೆ ಓಡಿದರೆ ಅಂಗಡಿಯವರು ಕೊಟ್ಟಿದ್ದೇ ಔಷಧಿ.

ಮಾದರಿ ಪರೀಕ್ಷೆಯನ್ನು ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಮಾಡಿಸಿ. ವರದಿಯ ಪ್ರತಿ ಎಫ್‌ಪಿಒ ಕೈಗೂ ಬರಬೇಕು. ಕಂಪನಿಯ ಹತ್ತಿರ ಮಾತ್ರ ವರದಿ ಇದ್ದರೆ "ನಿಮ್ಮ ಮಾಲು ಫೇಲ್" ಅಂದಾಗ ಉತ್ತರ ಕೊಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಇನ್ನು ನೀರು. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಚಿಕ್ಕಬಳ್ಳಾಪುರ ಕಡೆಗೆ ಇದೇ ಥರದ ಎಚ್.ಎನ್. ವ್ಯಾಲಿ ಯೋಜನೆ ಇದೆ. ಬತ್ತಿದ ಬೋರ್‌ವೆಲ್‌ಗಳಿಗೆ ಇದರಿಂದ ಜೀವ ಬಂದಿದೆ ಅನ್ನುವ ರೈತರು ಬಹಳ. ಈ ನೀರಿನ ಉದ್ದೇಶ ಅಂತರ್ಜಲ ತುಂಬಿಸುವುದು, ಕೆರೆಯಿಂದ ನೇರ ಎತ್ತಿ ಹೊಲಕ್ಕೆ ಹಾಯಿಸುವುದಲ್ಲ. ವಿದೇಶದ ಗಿರಾಕಿ ನೀರಿನ ಮೂಲ ಕೇಳಿಯೇ ಕೇಳುತ್ತಾರೆ. ಆ ಕೆರೆಗಳ ಹತ್ತಿರ ಇರುವ ಸದಸ್ಯರ ಬೋರ್‌ವೆಲ್ ನೀರನ್ನು ವರ್ಷಕ್ಕೊಮ್ಮೆಯಾದರೂ ರೋಗಾಣು ಮತ್ತು ಭಾರ ಲೋಹಗಳಿಗಾಗಿ ಪರೀಕ್ಷಿಸಿ, ವರದಿ ಇಟ್ಟುಕೊಳ್ಳಿ. ಈ ಖರ್ಚನ್ನು ಹೆಜ್ಜೆ 1ರ ಹಾಳೆಯಲ್ಲಿ ಸರ್ಕಾರದ ಕಾಲಂನಲ್ಲಿ ಬರೆಯುವುದು ನ್ಯಾಯ.

ಹೆಜ್ಜೆ 6: ಪ್ರಮಾಣಪತ್ರ, ಬೇಕಾದಷ್ಟು ಮಾತ್ರ

ಗಿರಾಕಿ ಕೇಳದ ಪ್ರಮಾಣಪತ್ರಕ್ಕೆ ದುಡ್ಡು ಹಾಕಬೇಡಿ. ಯುರೋಪಿನ ಸೂಪರ್ ಮಾರ್ಕೆಟ್‌ಗೆ ತಾಜಾ ತರಕಾರಿ ಹೋಗುವುದಾದರೆ ಗ್ಲೋಬಲ್ ಗ್ಯಾಪ್ ಎಂಬ ಉತ್ತಮ ಬೇಸಾಯದ ಪ್ರಮಾಣಪತ್ರ ಕೇಳುತ್ತಾರೆ. ಅದನ್ನು ಗುಂಪಾಗಿಯೂ ಪಡೆಯಬಹುದು. ಸಾವಯವ ಎಂದು ರಫ್ತು ಮಾಡಲು ಎನ್‌ಪಿಒಪಿ, ಅಂದರೆ ಕೇಂದ್ರದ ಸಾವಯವ ಕಾರ್ಯಕ್ರಮದ ಪ್ರಮಾಣಪತ್ರ ಬೇಕು. ಇದರಲ್ಲೂ ರೈತರ ಗುಂಪಿಗೆ ಅವಕಾಶವಿದೆ. ವಾರ್ಷಿಕ ಬೆಳೆಗೆ 2 ವರ್ಷ, ಬಹುವಾರ್ಷಿಕಕ್ಕೆ 3 ವರ್ಷ ಪರಿವರ್ತನೆ ಅವಧಿ. ಆ ವರ್ಷಗಳಲ್ಲಿ ಇಳುವರಿ ಕಮ್ಮಿಯಾಗಬಹುದು, ಸಾವಯವದ ಬೆಲೆಯೂ ಸಿಗದು. ಕಂಪನಿ ಆ ಅವಧಿಗೆ ಏನು ಕೊಡುತ್ತದೆ ಅಂತ ಕೇಳಿ. ಊರಿನ ಮಾರುಕಟ್ಟೆಗೆ ಸಾಕು ಅನ್ನುವವರಿಗೆ ರೈತರೇ ಒಬ್ಬರನ್ನೊಬ್ಬರು ಪರಿಶೀಲಿಸಿ ಕೊಡುವ ಪಿಜಿಎಸ್ ಪ್ರಮಾಣಪತ್ರ ಇದೆ, ಖರ್ಚು ಬಹಳ ಕಮ್ಮಿ.

ಪ್ರಮಾಣಪತ್ರ ಯಾರ ಹೆಸರಿನಲ್ಲಿ ಇರುತ್ತದೆ ಅನ್ನುವುದು ಇಲ್ಲಿಯ ಮುಖ್ಯ ಪ್ರಶ್ನೆ. ಕಂಪನಿ ದುಡ್ಡು ಕೊಟ್ಟು ತನ್ನ ಹೆಸರಲ್ಲಿ ಮಾಡಿಸಿದರೆ ನೀವು ಬೇರೆಯವರಿಗೆ ಮಾರಲು ಆಗುವುದಿಲ್ಲ. ಅರ್ಧ ಖರ್ಚು ಹಾಕಿಯಾದರೂ ಎಫ್‌ಪಿಒ ಹೆಸರಲ್ಲೇ ಪಡೆಯಿರಿ. ಗುಲಾಬಿ ಈರುಳ್ಳಿ, ಬೆಂಗಳೂರು ನೀಲಿ ದ್ರಾಕ್ಷಿ, ದೇವನಹಳ್ಳಿ ಚಕ್ಕೋತ ಬೆಳೆಯುವವರು ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಾಗಿಯೂ ನೋಂದಾಯಿಸಿಕೊಳ್ಳಬೇಕು.

ಕಾಫಿ ಬೆಳೆಯುವ ನೆಂಟರಿದ್ದರೆ ಅವರಿಗೂ ಒಂದು ಮಾತು ಹೇಳಿ. ಯುರೋಪಿನ ಅರಣ್ಯನಾಶ ತಡೆ ನಿಯಮದ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಜಾರಿಯ ದಿನ ಮುಂದಕ್ಕೆ ಹೋಗಿದ್ದರೂ ತೋಟದ ನಕ್ಷೆ, ಜಿಪಿಎಸ್ ದಾಖಲೆಯನ್ನು ಈಗಲೇ ಸಿದ್ಧ ಮಾಡಿಕೊಳ್ಳುವುದು ಲೇಸು.

ಹೆಜ್ಜೆ 7: ಈಗ ದುಡ್ಡಿನ ವಿಷಯ

ಎಫ್‌ಪಿಒ ಯೋಜನೆಯಲ್ಲಿ ನಿರ್ವಹಣೆಗೆ 3 ವರ್ಷದಲ್ಲಿ 18 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಸದಸ್ಯರ ಷೇರು ಹಣಕ್ಕೆ ಸಮನಾಗಿ ತಲಾ 2,000 ರೂಪಾಯಿವರೆಗೆ, ಸಂಸ್ಥೆಗೆ ಗರಿಷ್ಠ 15 ಲಕ್ಷ ಅನುದಾನ ಇದೆ. ಸಂಗ್ರಹ ಕೇಂದ್ರ, ಶೀತಲಗೃಹಕ್ಕೆ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ 7 ವರ್ಷ ಶೇ 3 ಬಡ್ಡಿ ರಿಯಾಯಿತಿ. ಸಂಸ್ಕರಣೆಗೆ ಸಣ್ಣ ಆಹಾರ ಘಟಕಗಳಿಗಾಗಿರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಇದ್ದು, ರಾಜ್ಯದಲ್ಲಿ ಅದನ್ನು ಕೃಷಿ ಸಂಸ್ಕರಣೆ ಮತ್ತು ರಫ್ತಿನ ಸರ್ಕಾರಿ ನಿಗಮ ಕೆಪೆಕ್ ನೋಡಿಕೊಳ್ಳುತ್ತದೆ. ಅರ್ಜಿ ಹಾಕುವ ಮುಂಚೆ ಯೋಜನೆಯ ಅವಧಿ ಎಲ್ಲಿವರೆಗೆ ಅಂತ ಕಚೇರಿಯಲ್ಲಿ ಕೇಳಿಕೊಳ್ಳಿ.

ಬೆಂಗಳೂರಿನ ದೊಡ್ಡ ಕಂಪನಿಗಳ ಸಿಎಸ್‌ಆರ್ ಹಣವನ್ನು ಮರೆಯಬೇಡಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2 ಭಾಗವನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಇದನ್ನು ಕಟ್ಟಡಕ್ಕಿಂತ ಕೃಷಿಹೊಂಡ, ನೀರಿನ ಪರೀಕ್ಷೆ, ತರಬೇತಿಗೆ ಕೇಳುವುದು ಒಳ್ಳೆಯದು. ಇವುಗಳಿಗೆ ಬ್ಯಾಂಕು ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ.

ಹೆಜ್ಜೆ 8: ರಫ್ತಿನ ಕಾಗದಪತ್ರ

ಕೇಂದ್ರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿಯಿಂದ ಆಮದು-ರಫ್ತು ಕೋಡ್, ಅಪೆಡಾ ನೋಂದಣಿ, ಎಫ್‌ಎಸ್‌ಎಸ್‌ಎಐ ಆಹಾರ ಸುರಕ್ಷತಾ ಪರವಾನಗಿ, ಸಸ್ಯ ಸಂಗರೋಧ ಕೇಂದ್ರದ ಸಸ್ಯ ಆರೋಗ್ಯ ಪ್ರಮಾಣಪತ್ರ. ಮುಖ್ಯವಾಗಿ ಇಷ್ಟು. ರಫ್ತು ಕೋಡ್‌ನ ವಿವರವನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಖಚಿತಪಡಿಸಬೇಕು, ಇಲ್ಲದಿದ್ದರೆ ಕೋಡ್ ನಿಂತುಹೋಗುತ್ತದೆ. ಆದರೆ ಮೊದಲೆರಡು ವರ್ಷ ನೀವೇ ನೇರ ರಫ್ತಿಗೆ ಇಳಿಯಬೇಡಿ. ಅನುಭವ ಇರುವ ರಫ್ತುದಾರರಿಗೆ ಮಾಲು ಕೊಡಿ, ಅವರ ಜೊತೆ ಬಂದರಿಗೆ, ಕಾರ್ಗೋ ಟರ್ಮಿನಲ್‌ಗೆ ನಿಮ್ಮ ಹುಡುಗರನ್ನು ಕಳಿಸಿ ಕಲಿಸಿ. ಒಂದು ಕಂಟೇನರ್ ವಾಪಸ್ ಬಂದರೆ ಹೊಸ ಎಫ್‌ಪಿಒ ತಡೆದುಕೊಳ್ಳುವುದು ಕಷ್ಟ.

ಹೆಜ್ಜೆ 9: ಒಂದು ಬೆಳೆ ಚಿಕ್ಕದಾಗಿ ನಡೆಸಿ ನೋಡಿ

ಎಲ್ಲ ಸದಸ್ಯರನ್ನೂ ಒಟ್ಟಿಗೆ ಇಳಿಸಬೇಡಿ. ಪುಸ್ತಕ ಬರೆಯುವ ಅಭ್ಯಾಸ ಇರುವ 25-30 ಮಂದಿ, ಪರಸ್ಪರ ಹತ್ತಿರದ ತಾಕುಗಳು, ತಲಾ ಅರ್ಧ ಎಕರೆ ಸಾಕು. ಹೆಣ್ಣುಮಕ್ಕಳನ್ನು ಪಟ್ಟಿಯಲ್ಲಿ ತಪ್ಪದೆ ಸೇರಿಸಿ. ಮಿಡಿಸೌತೆ, ಹೂವು ಬಿಡಿಸುವ ಕೈಗಳು ಹೆಚ್ಚಾಗಿ ಅವರದೇ, ಆದರೆ ಪಹಣಿ ಅವರ ಹೆಸರಲ್ಲಿ ಇಲ್ಲ ಎಂದು ತರಬೇತಿಗೆ ಕರೆಯುವುದೇ ಇಲ್ಲ. ಔಷಧಿ ಪುಸ್ತಕವನ್ನು ಅವರ ಕೈಗೆ ಕೊಡಿ.

ಬೆಳೆ ಮುಗಿದ ಹದಿನೈದು ದಿನದಲ್ಲಿ ಮೂರೂ ಪಕ್ಷದವರನ್ನು ಊರಿಗೇ ಕರೆಸಿ ಸಭೆ ಮಾಡಿ. ಮೇಜಿನ ಮೇಲೆ ನಾಲ್ಕು ಕಾಗದ ಇರಲಿ: ತೂಕದ ಚೀಟಿಗಳ ಒಟ್ಟು ಲೆಕ್ಕ, ಎಷ್ಟು ತಿರಸ್ಕಾರ ಮತ್ತು ಯಾಕೆ, ಲ್ಯಾಬ್ ವರದಿ, ರೈತವಾರು ಎಕರೆಗೆ ಉಳಿದ ಹಣ. ಅದೇ ತಾಕಿನಲ್ಲಿ ಹಿಂದಿನ ವರ್ಷದ ಬೆಳೆಯಲ್ಲಿ ಎಷ್ಟು ಉಳಿದಿತ್ತು ಅನ್ನುವುದನ್ನು ಪಕ್ಕದಲ್ಲಿಡಿ. ತಿರಸ್ಕಾರದ ಪ್ರಮಾಣ ಕರಾರಿನಲ್ಲಿ ಒಪ್ಪಿದ್ದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಹಣ ಹೇಳಿದ ದಿನಕ್ಕೆ ಬಂದಿಲ್ಲದಿದ್ದರೆ, ಜಮೀನು ಹೆಚ್ಚಿಸುವ ಮಾತನ್ನು ಆ ಸಭೆಯಲ್ಲಿ ಎತ್ತಲೇಬೇಡಿ. ಮೊದಲು ಆ ಎರಡು ಕಲಂ ತಿದ್ದಿಸಿ, ಸಹಿ ಹಾಕಿಸಿ, ಆಮೇಲೆ ಮುಂದಿನ ಬಿತ್ತನೆಯ ಪಟ್ಟಿ ತೆರೆಯಿರಿ.